ನಾಲ್ಕು ಹೊಲದ ತೂಕ, ಊರೆಲ್ಲರ ಸರಾಸರಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ಸೀಮೆಯ ಮಳೆ ಬೆಳೆಯ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಒಂದು ಮಾತು ಜೊತೆಗೇ ಬರುತ್ತದೆ. ಸರಾಸರಿ. ಸರಾಸರಿ ಮಳೆ, ಸರಾಸರಿ ಇಳುವರಿ, ಸರಾಸರಿ ದರ. ಈ ಒಂದು ಮಾತಿನ ಮೇಲೆ ಬರ ಘೋಷಣೆಯ ಚರ್ಚೆ ನಡೆಯುತ್ತದೆ. ಈ ಮಾತಿನ ಮೇಲೆಯೇ ಬೆಳೆ ವಿಮೆಯ ಹಣ ಖಾತೆಗೆ ಬರುತ್ತದೆ, ಇಲ್ಲವೇ ಬರದೆ ಹೋಗುತ್ತದೆ.

ಇಷ್ಟು ಬಲವುಳ್ಳ ಮಾತನ್ನು ನಾವು ಸರಿಯಾಗಿ ಅರಿತುಕೊಳ್ಳಬೇಡವೇ? ಅದಕ್ಕೇ ಇಂದು ಸಂಖ್ಯಾಶಾಸ್ತ್ರದ ಮೊದಲ ಪಾಠಗಳನ್ನು ಹೊಲದ ಬದುವಿನ ಮೇಲೆ ನಿಂತು ನೋಡೋಣ. ನಾನು ಹೇಳಬೇಕೆಂದಿರುವುದು ಇಷ್ಟು. ಯಾರಾದರೂ ಸರಾಸರಿ ಹೇಳಿದರೆ ನಾವು ಇನ್ನೆರಡು ಪ್ರಶ್ನೆ ಕೇಳಬೇಕು. ಒಂದು, ಅದರ ಸುತ್ತ ಏರಿಳಿತ ಎಷ್ಟು? ಎರಡು, ಅದನ್ನು ತೆಗೆದದ್ದು ಎಲ್ಲಿಂದ, ಎಷ್ಟು ಕಡೆಯಿಂದ?

ಮೊದಲು ಸರಾಸರಿಯನ್ನೇ ನೋಡೋಣ. ಎಲ್ಲವನ್ನೂ ಕೂಡಿಸಿ, ಎಷ್ಟು ಇವೆಯೋ ಅಷ್ಟರಿಂದ ಭಾಗಿಸಿದರೆ ಸರಾಸರಿ. ಇದು ಶಾಲೆಯ ಮಕ್ಕಳಿಗೂ ಗೊತ್ತು. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ಸುಮಾರು 1.36 ಹೆಕ್ಟೇರು. ಅಂದರೆ ಮೂರು ಎಕರೆ, ಮೇಲೆ ಸುಮಾರು ಹದಿನಾಲ್ಕು ಗುಂಟೆ. ಇದನ್ನು ಕೇಳಿದೊಡನೆ ನಾಡಿನ ರೈತರಿಗೆಲ್ಲ ಮೂರು ಎಕರೆ ಇದೆ ಎಂದು ಭಾವಿಸುತ್ತೇವೆ. ಹಾಗಿದೆಯೇ?

ಒಂದು ಓಣಿಯಲ್ಲಿ ಒಂಬತ್ತು ಮನೆಗಳಿವೆ ಎನ್ನಿ. ಇದು ಲೆಕ್ಕಕ್ಕಾಗಿ ಕಟ್ಟಿಕೊಂಡ ಓಣಿ. ಕಾಗದ ಹತ್ತಿರವಿದ್ದವರು ಬರೆದುಕೊಳ್ಳಿ. ಮೊದಲ ಮನೆಗೆ ಒಂದು ಎಕರೆ. ಮುಂದಿನ ಎರಡು ಮನೆಗೆ ಎರಡೆರಡು. ಆಮೇಲಿನ ಎರಡು ಮನೆಗೆ ಮೂರು ಮೂರು. ನಂತರ ನಾಲ್ಕು, ಐದು, ಆರು. ಕೊನೆಯ ಮನೆ ದೊಡ್ಡ ಮನೆ. ಅವರಿಗೆ ನಲವತ್ತಾರು ಎಕರೆ. ಕೂಡಿಸಿದರೆ ಎಪ್ಪತ್ತೆರಡು. ಒಂಬತ್ತರಿಂದ ಭಾಗಿಸಿದರೆ ಎಂಟು. ಆ ಓಣಿಯ ಸರಾಸರಿ ಎಂಟು ಎಕರೆ. ಆದರೆ ಎಂಟು ಎಕರೆ ಇರುವವರು ಆ ಓಣಿಯಲ್ಲಿ ಒಬ್ಬರೂ ಇಲ್ಲ. ಎಂಟು ಮನೆಗಳು ಅದರ ಕೆಳಗಿವೆ. ಒಂದೇ ಮನೆ ಮೇಲಿದೆ.

ಈಗ ಇನ್ನೊಂದು ರೀತಿ ಲೆಕ್ಕ ಹಾಕೋಣ. ಒಂಬತ್ತು ಮನೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ. ಸರಿಯಾಗಿ ನಡುವೆ ನಿಂತಿರುವುದು ಐದನೆಯ ಮನೆ. ಅವರಿಗೆ ಮೂರು ಎಕರೆ. ಇದಕ್ಕೆ ಮಧ್ಯಾಂಕ ಎನ್ನುತ್ತಾರೆ. ದೊಡ್ಡ ಮನೆಯವರು ಇನ್ನೂ ನೂರು ಎಕರೆ ಕೊಂಡರೆ ಸರಾಸರಿ ಹತ್ತೊಂಬತ್ತಕ್ಕೆ ಏರುತ್ತದೆ. ಮಧ್ಯಾಂಕ ಮೂರರಲ್ಲೇ ನಿಂತಿರುತ್ತದೆ. ಭೂಮಿ, ಆದಾಯ, ಸಾಲ, ಇಂಥವುಗಳಲ್ಲಿ ಕೆಲವರದು ಬಹಳ, ಬಹುಮಂದಿಯದು ಸ್ವಲ್ಪ ಇರುತ್ತದೆ. ಅಲ್ಲಿ ಸಾಮಾನ್ಯ ಮನೆಯ ಸ್ಥಿತಿ ಅರಿಯಲು ಮಧ್ಯಾಂಕವೇ ಮೇಲು. ಸರ್ಕಾರದ ವರದಿಗಳು ಸರಾಸರಿಯ ಪಕ್ಕದಲ್ಲಿ ಮಧ್ಯಾಂಕವನ್ನೂ ಮುದ್ರಿಸಬೇಕು ಎಂಬುದು ನನ್ನ ಬಹುದಿನದ ಆಸೆ.

ಸರಾಸರಿಯ ಇನ್ನೊಂದು ಬಗೆಯನ್ನು ಇಂಡಿಯ ಲಿಂಬೆ ಬೆಳೆಗಾರರು ಬೇಗ ಹಿಡಿಯುತ್ತಾರೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಲಿಂಬೆಗೆ ಬೇಸಿಗೆಯಲ್ಲಿ ದರ ಏರುತ್ತದೆ, ಆಗ ಕಾಯಿ ಕಡಿಮೆ. ಮಳೆಗಾಲದಲ್ಲಿ ಕಾಯಿ ರಾಶಿ ಬೀಳುತ್ತದೆ, ಆಗ ದರ ಇಳಿಯುತ್ತದೆ. ಒಬ್ಬ ರೈತ ಮಳೆಗಾಲದಲ್ಲಿ ಹತ್ತು ಚೀಲವನ್ನು 300 ರೂಪಾಯಿಯಂತೆ ಮಾರಿದ ಎನ್ನಿ. ಬೇಸಿಗೆಯಲ್ಲಿ ಒಂದೇ ಚೀಲವನ್ನು 2,000ಕ್ಕೆ ಮಾರಿದ. ಎರಡು ದರ ಕೂಡಿಸಿ ಎರಡರಿಂದ ಭಾಗಿಸಿದರೆ 1,150 ಬರುತ್ತದೆ. ಆದರೆ ಅವನ ಕೈಗೆ ಬಂದದ್ದು ಹನ್ನೊಂದು ಚೀಲಕ್ಕೆ 5,000. ಚೀಲಕ್ಕೆ ಸುಮಾರು 450. ಮೊದಲನೆಯದು ಬರೀ ಸರಾಸರಿ. ಎರಡನೆಯದು ತೂಕ ಕೊಟ್ಟ ಸರಾಸರಿ. ಎಷ್ಟು ಮಾಲು ಯಾವ ದರಕ್ಕೆ ಹೋಯಿತು ಎಂಬ ತೂಕ ಅದರಲ್ಲಿದೆ. ವರ್ಷದ ಸರಾಸರಿ ದರ ಎಂದು ಯಾರಾದರೂ ಹೇಳಿದರೆ, ತೂಕ ಕೊಟ್ಟದ್ದೋ ಕೊಡದ್ದೋ ಕೇಳಿ.

ಇಲ್ಲಿಯವರೆಗಿನದನ್ನು ನೆನಪಿಟ್ಟುಕೊಳ್ಳಿ. ದೊಡ್ಡ ಸಂಖ್ಯೆಯೊಂದು ಸರಾಸರಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಮಧ್ಯಾಂಕ ಹಾಗೆ ಎಳೆಸಿಕೊಳ್ಳುವುದಿಲ್ಲ. ಈಗ ಏರಿಳಿತದ ಮಾತಿಗೆ ಬರೋಣ. ನಮ್ಮ ಸೀಮೆಗೆ ಅತಿ ಮುಖ್ಯವಾದದ್ದು ಇದೇ.

ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಹಲವು ದಶಕಗಳ ಮಳೆಯ ಸರಾಸರಿಯನ್ನೇ ವಾಡಿಕೆ ಮಳೆ ಎಂದು ಕರೆಯುತ್ತಾರೆ. ಈಗ ಎರಡು ಊರು ಊಹಿಸಿಕೊಳ್ಳಿ. ಮೊದಲ ಊರಲ್ಲಿ ಐದು ವರ್ಷ ಬಿದ್ದ ಮಳೆ 580, 620, 600, 590, 610. ಎರಡನೆಯ ಊರಲ್ಲಿ 300, 900, 450, 750, 600. ಎರಡೂ ಊರಲ್ಲಿ ಮೊತ್ತ 3,000. ಎರಡೂ ಊರಲ್ಲಿ ಸರಾಸರಿ 600. ಬಿತ್ತುವವರಿಗೆ ಈ ಎರಡು ಊರು ಒಂದೇ ಆದೀತೇ? ಮೊದಲ ಊರಲ್ಲಿ ಐದೂ ವರ್ಷ ಬೆಳೆ ಕೈಗೆ ಬರುತ್ತದೆ. ಎರಡನೆಯ ಊರಲ್ಲಿ ಒಂದು ವರ್ಷ ಬೀಜ ಮಣ್ಣುಪಾಲು, ಇನ್ನೊಂದು ವರ್ಷ ಬೆಳೆ ನೀರುಪಾಲು.

ಈ ವ್ಯತ್ಯಾಸವನ್ನು ಅಳೆಯಲು ಹಲವು ಅಳತೆಗಳಿವೆ. ಅತಿ ಹೆಚ್ಚಿನದರಿಂದ ಅತಿ ಕಡಿಮೆಯದನ್ನು ಕಳೆದರೆ ವ್ಯಾಪ್ತಿ. ಮೊದಲ ಊರಿಗೆ ಅದು 40, ಎರಡನೆಯದಕ್ಕೆ 600. ಸಂಖ್ಯಾಶಾಸ್ತ್ರಜ್ಞರು ಹೆಚ್ಚಾಗಿ ಬಳಸುವುದು ಮಾನಕ ವಿಚಲನೆ. ಹೆಸರು ಭಾರ, ಲೆಕ್ಕ ಹಗುರ. ಪ್ರತಿ ವರ್ಷದ ಮಳೆ ಸರಾಸರಿಯಿಂದ ಎಷ್ಟು ದೂರ ಎಂದು ನೋಡುತ್ತಾರೆ. ಆ ದೂರವನ್ನು ಅದರಿಂದಲೇ ಗುಣಿಸುತ್ತಾರೆ. ಹೀಗೆ ಬಂದದ್ದರ ಸರಾಸರಿ ತೆಗೆದು, ವರ್ಗಮೂಲ ಕಂಡುಹಿಡಿಯುತ್ತಾರೆ. ಮೊದಲ ಊರಿಗೆ ಸುಮಾರು 14 ಮಿಲಿಮೀಟರು. ಎರಡನೆಯ ಊರಿಗೆ ಸುಮಾರು 210. ಇದನ್ನು ಸರಾಸರಿಯೊಂದಿಗೆ ಹೋಲಿಸಿ ನೂರಕ್ಕೆ ಇಷ್ಟು ಎಂದರೆ ಮಾರ್ಪಿನ ಗುಣಾಂಕ. ಮೊದಲ ಊರಿಗೆ ನೂರಕ್ಕೆ ಎರಡು ಚಿಲ್ಲರೆ. ಎರಡನೆಯದಕ್ಕೆ ನೂರಕ್ಕೆ 35.

ಹವಾಮಾನ ಇಲಾಖೆಯ ಪರಿಭಾಷೆಯೂ ಗೊತ್ತಿರಲಿ. ವಾಡಿಕೆಗಿಂತ ನೂರಕ್ಕೆ 19ರಷ್ಟು ಹೆಚ್ಚು ಅಥವಾ ಕಡಿಮೆ ಬಿದ್ದರೂ ಅದು ಸಾಮಾನ್ಯ ಮಳೆಯೇ. ನಮ್ಮ 600ಕ್ಕೆ ಲೆಕ್ಕ ಹಾಕಿದರೆ ಸುಮಾರು 490 ಬಿದ್ದರೂ ಸಾಮಾನ್ಯ, 710 ಬಿದ್ದರೂ ಸಾಮಾನ್ಯ. ಜೊತೆಗೆ ವರ್ಷದ ಮೊತ್ತ ಸರಿ ಇದ್ದ ಮಾತ್ರಕ್ಕೆ ಹಂಗಾಮು ಸರಿ ಇತ್ತೆಂದಲ್ಲ. ಕಪ್ಪು ಮಣ್ಣಿನ ಎರಿ ಭೂಮಿಯಲ್ಲಿ ಹಿಂಗಾರಿ ಜೋಳ ಬೆಳೆಯುವುದು ಮಣ್ಣಿನ ಹೊಟ್ಟೆಯಲ್ಲಿ ನಿಂತ ತೇವದಿಂದ. ಉತ್ತರಿ, ಹಸ್ತ ಮಳೆಗಳು ಕೈಕೊಟ್ಟರೆ, ಜೂನಿನಲ್ಲಿ ಎಷ್ಟು ಸುರಿದಿದ್ದರೂ ಕೂರಿಗೆ ಹೊಲಕ್ಕೆ ಇಳಿಯುವುದಿಲ್ಲ. ಮುದ್ದೇಬಿಹಾಳ, ತಾಳಿಕೋಟೆ ಕಡೆಯವರಿಗೆ ಡೋಣಿ ಹೊಳೆಯ ಸ್ವಭಾವ ಗೊತ್ತು. ಡೋಣಿ ಹರಿದರೆ ಓಣಿಗೆಲ್ಲ ಕಾಳು ಎನ್ನುವ ಮಾತೂ ಇದೆ, ಡೋಣಿ ಉಕ್ಕಿ ದಂಡೆಯ ಬೆಳೆ ಕೊಚ್ಚಿದ ವರ್ಷಗಳೂ ಇವೆ. ಒಂದೇ ಹೊಳೆ. ಒಂದು ತಿಂಗಳ ಮಳೆ ಎರಡು ದಿನದಲ್ಲಿ ಸುರಿದರೂ ತಿಂಗಳ ಸರಾಸರಿ ಬದಲಾಗುವುದಿಲ್ಲ.

ಇನ್ನೊಂದು ಹಳೆಯ ಸಂಗತಿ ಹೇಳಬೇಕು. ಆಗ ನಮ್ಮ ಸೀಮೆ ಇದ್ದದ್ದು ಕಲಾದಗಿ ಜಿಲ್ಲೆಯಲ್ಲಿ. 1872ರ ಜನಗಣತಿಯಲ್ಲಿ ಜಿಲ್ಲೆಯ ಜನ ಎಂಟು ಲಕ್ಷಕ್ಕೂ ಮೇಲೆ. 1881ರ ಗಣತಿಯಲ್ಲಿ ಸುಮಾರು ಆರು ಲಕ್ಷ ನಲವತ್ತು ಸಾವಿರ. ನಡುವೆ 1876ರಿಂದ 78ರ ಮಹಾಬರ ಬಂದು ಹೋಗಿತ್ತು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸತ್ತರು ಇಲ್ಲವೇ ಊರು ಬಿಟ್ಟರು. ನಮ್ಮ ಸೀಮೆಗೆ ಹಸಿವು ಬಂದದ್ದು ಸರಾಸರಿ ವರ್ಷದಲ್ಲಿ ಅಲ್ಲ, ಸರಾಸರಿಯಿಂದ ಬಹಳ ದೂರ ಸರಿದ ವರ್ಷಗಳಲ್ಲಿ. ಆದ್ದರಿಂದ ಏರಿಳಿತದ ಅಳತೆ ಇಲ್ಲದೆ ಸರಾಸರಿಯನ್ನು ಮಾತ್ರ ಹೇಳುವುದು ನನಗೆ ಅರ್ಧ ಸತ್ಯದಂತೆ ಕಾಣುತ್ತದೆ.

ಜನರ ಲೆಕ್ಕದಲ್ಲೂ ಹೀಗೆಯೇ. 2011ರ ಜನಗಣತಿಯಲ್ಲಿ ವಿಜಯಪುರ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 67. ಅದನ್ನು ಬಿಡಿಸಿ ನೋಡಿದರೆ ಗಂಡಸರಲ್ಲಿ 77ರ ಹತ್ತಿರ, ಹೆಣ್ಣುಮಕ್ಕಳಲ್ಲಿ 57ರ ಹತ್ತಿರ. ಇಪ್ಪತ್ತರ ಅಂತರವನ್ನು 67 ಎಂಬ ಒಂದು ಸಂಖ್ಯೆ ಸದ್ದಿಲ್ಲದೆ ಮುಚ್ಚಿಬಿಡುತ್ತದೆ.

ಇಷ್ಟರಲ್ಲಿ ಎರಡು ಸಂಗತಿ ಕೇಳಿದಿರಿ. ಸರಾಸರಿ ಎಂದರೇನು, ಅದರ ಸುತ್ತಲಿನ ಏರಿಳಿತ ಎಂದರೇನು. ಈಗ ಮೂರನೆಯದು. ಸರಾಸರಿಯನ್ನು ತೆಗೆಯುವುದು ಎಲ್ಲಿಂದ?

ಅಡತಿ ಅಂಗಡಿಯಲ್ಲಿ ನೋಡಿದ್ದೀರಿ. ತೊಗರಿ ಚೀಲದೊಳಗೆ ಮೊನೆಯ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆಯುತ್ತಾರೆ. ಆ ಹಿಡಿ ಕಾಳು ನೋಡಿ ಚೀಲಕ್ಕೆ ದರ ಕಟ್ಟುತ್ತಾರೆ. ಸಂಖ್ಯಾಶಾಸ್ತ್ರದಲ್ಲಿ ಚೀಲದ ಒಟ್ಟು ಕಾಳು ಸಮಷ್ಟಿ. ಕೈಯಲ್ಲಿರುವ ಹಿಡಿ ಮಾದರಿ. ಚೀಲದ ಬಾಯಿಗೆ ಹತ್ತಿರದ ಕಾಳನ್ನೇ ತೆಗೆದರೆ ಮಾದರಿ ಕೆಡುತ್ತದೆ. ಮೇಲೆ ಒಳ್ಳೆಯ ಕಾಳು ಹಾಕಿದವರು ಗೆಲ್ಲುತ್ತಾರೆ.

ಬೆಳೆ ವಿಮೆಯಲ್ಲಿ ನಡೆಯುವುದೂ ಮಾದರಿಯ ಕೆಲಸವೇ. ಅದಕ್ಕೆ ಬೆಳೆ ಕಟಾವು ಪ್ರಯೋಗ ಎಂದು ಹೆಸರು. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಬಂತು. ಅದರಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ವಿಮೆಯ ಘಟಕ. ಒಂದು ಪಂಚಾಯಿತಿಯಲ್ಲಿ ಒಂದು ಮುಖ್ಯ ಬೆಳೆಗೆ ಕನಿಷ್ಠ ನಾಲ್ಕು ಕಟಾವು ಪ್ರಯೋಗ. ಹೋಬಳಿ ಘಟಕವಾದರೆ ಕನಿಷ್ಠ ಹತ್ತು.

ಹೊಲದಲ್ಲಿ ಅದು ಹೇಗೆ ನಡೆಯುತ್ತದೆ? ಕಣ್ಣ ಮುಂದೆ ತಂದುಕೊಳ್ಳಿ. ಮೊದಲು ಆ ಬೆಳೆ ಇರುವ ಸರ್ವೆ ನಂಬರುಗಳಿಂದ ಯಾದೃಚ್ಛಿಕವಾಗಿ ಕೆಲವನ್ನು ಆರಿಸುತ್ತಾರೆ. ಅಂದರೆ ಯಾರ ಇಷ್ಟದಂತೆಯೂ ಅಲ್ಲ, ಚೀಟಿ ಎತ್ತಿದಂತೆ. ಹೊಲಕ್ಕೆ ಹೋದವರು ನೈಋತ್ಯ ಮೂಲೆಯಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಉದ್ದಕ್ಕೆ ಇಷ್ಟು ಹೆಜ್ಜೆ, ಅಡ್ಡಕ್ಕೆ ಇಷ್ಟು ಹೆಜ್ಜೆ. ಅದನ್ನೂ ಯಾದೃಚ್ಛಿಕ ಸಂಖ್ಯೆಯೇ ಹೇಳುತ್ತದೆ. ಅಲ್ಲಿ ಗೂಟ ಹೊಡೆಯುತ್ತಾರೆ. ಜೋಳಕ್ಕಾದರೆ ಐದು ಮೀಟರು ಉದ್ದ, ಐದು ಮೀಟರು ಅಗಲಕ್ಕೆ ಹಗ್ಗ ಕಟ್ಟುತ್ತಾರೆ. ಸುಮಾರು ಹದಿನಾರು ಅಡಿಯ ಚೌಕ. ಅದರೊಳಗಿನ ಪೈರನ್ನು ಕೊಯ್ದು, ಬಡಿದು, ತೂರಿ, ತೂಗುತ್ತಾರೆ. ಚೌಕದ ಅಳತೆ 25 ಚದರ ಮೀಟರು. ಹೆಕ್ಟೇರಿಗೆ ಅಂಥ ನಾನೂರು ಚೌಕ. ಚೌಕದಲ್ಲಿ ಮೂರು ಕಿಲೋ ಕಾಳು ಬಂದರೆ ಹೆಕ್ಟೇರಿಗೆ ಹನ್ನೆರಡು ಕ್ವಿಂಟಲ್. ಎಕರೆಗೆ ಹೆಚ್ಚು ಕಡಿಮೆ ಐದು.

ನೈಋತ್ಯ ಮೂಲೆ ಏಕೆ, ಹೆಜ್ಜೆ ಎಣಿಸುವುದು ಏಕೆ ಎಂದು ಕೆಲವರು ಕೇಳುತ್ತಾರೆ. ಇದೆಲ್ಲ ಮನುಷ್ಯನ ಕಣ್ಣನ್ನು ದೂರ ಇಡುವ ಉಪಾಯ. ಕಣ್ಣು ಬಿಟ್ಟು ಆರಿಸಿದರೆ ಒಬ್ಬನ ಕಣ್ಣು ಹುಲುಸಾದ ಜಾಗಕ್ಕೆ ಹೋಗುತ್ತದೆ. ಇನ್ನೊಬ್ಬನ ಕಣ್ಣು ಒಣಗಿದ ಜಾಗಕ್ಕೆ ಹೋಗುತ್ತದೆ. ಮೂರನೆಯವನು ರಸ್ತೆಯ ಪಕ್ಕದ ಹೊಲಕ್ಕೆ ಹೋಗುತ್ತಾನೆ. ಹೀಗೆ ಒಂದೇ ದಿಕ್ಕಿಗೆ ವಾಲುವ ತಪ್ಪಿಗೆ ಒಲವಿನ ದೋಷ ಎನ್ನೋಣ. ಇದು ಪ್ರಯೋಗ ಹೆಚ್ಚಿಸಿದರೂ ಹೋಗುವುದಿಲ್ಲ. ನೂರು ಹೊಲ ಕೊಯ್ದರೂ ನೂರೂ ರಸ್ತೆ ಪಕ್ಕದವಾದರೆ ತಪ್ಪು ತಪ್ಪೇ.

ಭಾರತದಲ್ಲಿ ಈ ವಿಧಾನವನ್ನು ಕಟ್ಟಿದವರಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಪ್ರಶಾಂತಚಂದ್ರ ಮಹಲನೋಬಿಸ್ 1931ರಲ್ಲಿ ಕಲಕತ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಸ್ಥಾಪಿಸಿದರು. ಬಂಗಾಳದ ಸೆಣಬಿನ ಹೊಲಗಳಲ್ಲಿ ಮಾದರಿ ಸಮೀಕ್ಷೆ ನಡೆಸಿದರು. ಅವರ ಜನ್ಮದಿನ ಜೂನ್ 29. ಅದೇ ನಮ್ಮ ರಾಷ್ಟ್ರೀಯ ಸಾಂಖ್ಯಿಕ ದಿನ. ಎರಡನೆಯವರು ಪಿ. ವಿ. ಸುಖಾತ್ಮೆ. ಚೌಕ ತೀರಾ ಚಿಕ್ಕದಾದರೆ ಇಳುವರಿ ಹೆಚ್ಚು ಕಾಣುತ್ತದೆ ಎಂದು ಅವರು 1940ರ ದಶಕದಲ್ಲಿ ತೋರಿಸಿದರು. ಕಾರಣ ಸರಳ. ಹಗ್ಗದ ಅಂಚಿನಲ್ಲಿ ನಿಂತ ಪೈರನ್ನು ಕೊಯ್ಯುವವರ ಕೈ ಒಳಗೇ ಎಳೆದುಕೊಳ್ಳುತ್ತದೆ. ಚಿಕ್ಕ ಚೌಕಕ್ಕೆ ಅಂಚಿನ ಪಾಲು ಹೆಚ್ಚು.

ಒಲವಿನ ದೋಷ ತಿಳಿಯಿತು. ಅದನ್ನು ಯಾದೃಚ್ಛಿಕ ಆಯ್ಕೆ ತಡೆಯುತ್ತದೆ. ಆದರೆ ಇನ್ನೊಂದು ದೋಷ ಉಳಿಯುತ್ತದೆ. ಅದು ಮಾದರಿ ದೋಷ. ಎಲ್ಲ ಕೆಲಸ ಪ್ರಾಮಾಣಿಕವಾಗಿ ನಡೆದರೂ ಚೀಟಿಯಲ್ಲಿ ಬಂದ ನಾಲ್ಕು ಹೊಲ ಆಕಸ್ಮಿಕವಾಗಿ ಒಳ್ಳೆಯವೇ ಆಗಬಹುದು, ಇಲ್ಲವೇ ಕೆಟ್ಟವೇ ಆಗಬಹುದು.

ಪಂಚಾಯಿತಿಯಲ್ಲಿ ಸಾವಿರ ಹೆಕ್ಟೇರು ಜೋಳ ಇದೆ ಎನ್ನಿ. ಅದು ಒಂದು ಕೋಟಿ ಚದರ ಮೀಟರು. ನಾಲ್ಕು ಚೌಕ ಕೂಡಿ ನೂರು ಚದರ ಮೀಟರು. ಲಕ್ಷದಲ್ಲಿ ಒಂದು ಪಾಲು! ಇಷ್ಟು ಚಿಕ್ಕ ಪಾಲಿನಿಂದ ಏನು ಗೊತ್ತಾದೀತು ಎಂದು ಕೋಪ ಬರುತ್ತದೆ. ಆದರೆ ಕೋಪ ಸರಿಯಾದ ಕಡೆ ಇರಲಿ. ಲಕ್ಷದಲ್ಲಿ ಒಂದು ಪಾಲು ಎನ್ನುವುದು ಅಷ್ಟು ಮುಖ್ಯವಲ್ಲ. ಹೊಲ ಹೊಲಕ್ಕೆ ಏರಿಳಿತ ಎಷ್ಟು, ಎಷ್ಟು ಹೊಲ ಕೊಯ್ದರು, ಈ ಎರಡೇ ಮುಖ್ಯ. ಎಲ್ಲ ಹೊಲ ಒಂದೇ ತೆರನಾಗಿದ್ದರೆ ಒಂದು ಹೊಲವೇ ಸಾಕು.

ನಮ್ಮ ಹೊಲಗಳು ಹಾಗಿಲ್ಲ. ಒಂದೇ ಊರಲ್ಲಿ ಎದೆಮಟ್ಟ ಎರಿ ಇದೆ, ಗೇಣು ಆಳದಲ್ಲಿ ಗರಸು ಸಿಗುವ ಮಡ್ಡಿಯೂ ಇದೆ. ಕೃಷ್ಣಾ ಕಾಲುವೆಯ ನೀರು ಕಂಡ ಹೊಲವಿದೆ, ಆಕಾಶವನ್ನೇ ನಂಬಿದ ಹೊಲವೂ ಇದೆ. ಹೊಲ ಹೊಲದ ನಡುವಿನ ಮಾನಕ ವಿಚಲನೆ ಸರಾಸರಿಯ ನೂರಕ್ಕೆ 40 ಇದೆ ಎಂದು ಊಹಿಸೋಣ. ನಾಲ್ಕು ಹೊಲ ಕೊಯ್ದರೆ ಬರುವ ಸರಾಸರಿಯ ದೋಷ ನೂರಕ್ಕೆ 20. ಅದನ್ನು ಹತ್ತಕ್ಕೆ ಇಳಿಸಲು ಎಂಟು ಹೊಲ ಸಾಲದು, ಹದಿನಾರು ಬೇಕು. ಐದಕ್ಕೆ ಇಳಿಸಲು ಅರವತ್ತನಾಲ್ಕು ಬೇಕು. ದೋಷ ಅರ್ಧವಾಗಬೇಕಾದರೆ ಕೆಲಸ ನಾಲ್ಕು ಪಟ್ಟಾಗಬೇಕು. ಇದು ವರ್ಗಮೂಲದ ನಿಯಮ.

ಇಲ್ಲಿ ಕನ್ನಡ ನೆಲದಲ್ಲಿ ಹುಟ್ಟಿದ ಒಬ್ಬ ದೊಡ್ಡವರನ್ನು ನೆನೆಯುತ್ತೇನೆ. ಸಿ. ಆರ್. ರಾವ್. ಹುಟ್ಟಿದ್ದು 1920ರಲ್ಲಿ ಹೂವಿನ ಹಡಗಲಿಯಲ್ಲಿ. ಮಹಲನೋಬಿಸ್ ಅವರ ಸಂಸ್ಥೆ ಸೇರಿದರು. 1945ರಲ್ಲಿ, ಇಪ್ಪತ್ತೈದರ ಆಸುಪಾಸಿನಲ್ಲಿ, ಒಂದು ಪ್ರಬಂಧ ಪ್ರಕಟಿಸಿದರು. ಅದರ ಒಂದು ಫಲಿತಾಂಶ ಇಂದು ಜಗತ್ತಿನ ಪಠ್ಯಗಳಲ್ಲೆಲ್ಲ ಕ್ರಾಮರ್-ರಾವ್ ಮಿತಿ ಎಂದು ಹೆಸರಾಗಿದೆ. ಸಾರ ಇಷ್ಟು. ಒಲವಿನ ದೋಷವಿಲ್ಲದ ಅಂದಾಜಿನ ನಿಖರತೆಗೆ ಒಂದು ಗಡಿ ಇದೆ. ಕೈಯಲ್ಲಿರುವ ಮಾಹಿತಿ ಎಷ್ಟೋ ಅಷ್ಟರ ಮೇಲೆ ಆ ಗಡಿ ನಿಂತಿದೆ. ಎಂಥ ಜಾಣ ಲೆಕ್ಕವೂ ಅದನ್ನು ದಾಟಲಾರದು. 2023ರಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟಿನಲ್ಲಿ, 102ರ ವಯಸ್ಸಿನಲ್ಲಿ ತೀರಿಕೊಂಡರು. ನಾಲ್ಕು ಹೊಲದಿಂದ ಊರೆಲ್ಲರ ಭಾಗ್ಯ ತೀರ್ಮಾನಿಸುವವರು ಹಡಗಲಿಯ ಈ ಮಗ ಕಂಡುಕೊಟ್ಟ ಗಡಿಯನ್ನು ನೆನಪಿಡಬೇಕು.

ಹಾಗಾದರೆ ಖರ್ಚು ಹೆಚ್ಚಿಸದೆ ದೋಷ ತಗ್ಗಿಸುವ ದಾರಿ ಇಲ್ಲವೇ? ಒಂದಿದೆ. ಒಂದೇ ಬಗೆಯ ಹೊಲಗಳನ್ನು ಒಂದು ಗುಂಪು ಮಾಡಿ, ಗುಂಪಿನೊಳಗೆ ಮಾದರಿ ತೆಗೆಯುವುದು. ಇದು ವರ್ಗೀಕೃತ ಮಾದರಿ. ವಿಮೆಯ ಅಧಿಸೂಚನೆಯಲ್ಲಿ ನೀರಾವರಿ ಬೆಳೆ ಬೇರೆ, ಮಳೆ ಆಶ್ರಿತ ಬೆಳೆ ಬೇರೆ ಎಂದು ಇರುವುದು ಇದೇ ವಿವೇಕದಿಂದ. ಎರಿ ಮತ್ತು ಮಡ್ಡಿಯನ್ನೂ ಹೀಗೆ ಬೇರೆ ಮಾಡಿದರೆ ನಮ್ಮ ಸೀಮೆಗೆ ಇನ್ನಷ್ಟು ನ್ಯಾಯ ಸಿಕ್ಕೀತು ಎಂದು ನನ್ನ ಅಭಿಪ್ರಾಯ.

ಮಾದರಿ ಹೇಗೆ, ಎಷ್ಟು ಎಂಬುದನ್ನು ಕೇಳಿದಿರಿ. ಈಗ ಅದರಿಂದ ಹಣದ ಲೆಕ್ಕ ಹೇಗೆ ಹುಟ್ಟುತ್ತದೆ ನೋಡೋಣ. ಹಿಂದಿನ ಏಳು ವರ್ಷದ ಇಳುವರಿ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಒಳ್ಳೆಯ ಐದು ವರ್ಷದ ಸರಾಸರಿ. ಅದಕ್ಕೆ ನೂರಕ್ಕೆ 70, 80 ಅಥವಾ 90 ಎಂಬ ಮಟ್ಟ. ಬಂದದ್ದು ಖಾತರಿ ಇಳುವರಿ. ಐದು ವರ್ಷದ ಸರಾಸರಿ ಎಕರೆಗೆ ಐದು ಕ್ವಿಂಟಲ್, ಮಟ್ಟ ನೂರಕ್ಕೆ 80 ಎನ್ನಿ. ಖಾತರಿ ಇಳುವರಿ ನಾಲ್ಕು. ಈ ವರ್ಷ ಪಂಚಾಯಿತಿಯ ಸರಾಸರಿ ಮೂರು ಬಂದರೆ ಕೊರತೆ ನಾಲ್ಕರಲ್ಲಿ ಒಂದು ಪಾಲು. ವಿಮೆ ಮೊತ್ತ 20,000 ಆಗಿದ್ದರೆ ಪರಿಹಾರ 5,000.

ಒಂದು ಮಾತನ್ನು ಇಲ್ಲಿ ಗಮನವಿಟ್ಟು ಕೇಳಿ. ನಿಮ್ಮ ಹೊಲದಲ್ಲಿ ಏನೂ ಬರಲಿಲ್ಲ, ಆದರೆ ಪಂಚಾಯಿತಿಯ ಸರಾಸರಿ ನಾಲ್ಕು ಬಂತು. ಆಗ ಈ ಲೆಕ್ಕದಲ್ಲಿ ನಿಮಗೆ ಏನೂ ಸಿಗುವುದಿಲ್ಲ. ಸರಾಸರಿಯ ಮೇಲೆ ನಿಂತ ಯೋಜನೆಯ ಸ್ವಭಾವವೇ ಅದು. ಆಲಿಕಲ್ಲು ಮಳೆಯಂಥ ಸ್ಥಳೀಯ ಹಾನಿಗೆ ಬೇರೆ ದಾರಿ ಇದೆ. 72 ಗಂಟೆಯೊಳಗೆ ತಿಳಿಸಿದರೆ ನಿಮ್ಮ ಹೊಲವನ್ನೇ ನೋಡಿ ಅಂದಾಜು ಮಾಡುತ್ತಾರೆ.

ಹಳೆಯ ಲೆಕ್ಕದೊಂದಿಗೆ ಹೋಲಿಸುವವರಿಗೂ ಒಂದು ಎಚ್ಚರಿಕೆ. ಇಂಡಿಯಿಂದ ಚಡಚಣ ಬೇರೆಯಾಯಿತು. ಸಿಂದಗಿಯಿಂದ ಆಲಮೇಲ, ದೇವರ ಹಿಪ್ಪರಗಿ. ಮುದ್ದೇಬಿಹಾಳದಿಂದ ತಾಳಿಕೋಟೆ. ಬಸವನ ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರ. ಹೆಸರು ಅದೇ, ನೆಲ ಬೇರೆ. ಗಡಿ ಸರಿದರೆ ಒಂದು ಹನಿ ಮಳೆ ಹೆಚ್ಚು ಕಡಿಮೆ ಬೀಳದೆಯೂ ತಾಲ್ಲೂಕಿನ ಸರಾಸರಿ ಬದಲಾಗುತ್ತದೆ.

ಮಳೆಯ ಲೆಕ್ಕ ಈಗ ಪಂಚಾಯಿತಿ ಮಟ್ಟಕ್ಕೂ ಬಂದಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅಲ್ಲಿಯೇ ಮಳೆ ಮಾಪಕಗಳನ್ನು ಇಟ್ಟಿದೆ. ಇಳುವರಿಯ ಲೆಕ್ಕವನ್ನು ನೀವೇ ಇಡಬಹುದು. ಕಟಾವು ಪ್ರಯೋಗಕ್ಕೆ ನಿಮ್ಮ ಪಂಚಾಯಿತಿಯಲ್ಲಿ ಯಾವ ಸರ್ವೆ ನಂಬರುಗಳು ಬಂದಿವೆ ಎಂದು ಗ್ರಾಮ ಆಡಳಿತಾಧಿಕಾರಿಯನ್ನೋ ರೈತ ಸಂಪರ್ಕ ಕೇಂದ್ರದವರನ್ನೋ ಕೇಳಿ. ಕಟಾವಿನ ದಿನ ಬದುವಿನ ಮೇಲೆ ನಿಲ್ಲಿ. ಜೋಳವಾದರೆ ಹಗ್ಗ ಸರಿಯಾಗಿ ಐದು ಮೀಟರು ಇದೆಯೇ ನೋಡಿ. ಅಂದೇ ತೂಗಿದ ಕಾಳಿನಲ್ಲಿ ಹಸಿ ಇರುತ್ತದೆ, ಒಣಗಿದ ಮೇಲೆ ತೂಕ ಇಳಿಯುತ್ತದೆ. ಎರಡೂ ತೂಕ ಕೇಳಿ ಬರೆದಿಟ್ಟುಕೊಳ್ಳಿ. ನಾಲ್ಕೂ ಹೊಲದ ತೂಕ ಬೇರೆ ಬೇರೆ ಬರೆಯಿರಿ, ಸರಾಸರಿ ಮಾತ್ರ ಬೇಡ. ಆಗ ಏರಿಳಿತವೂ ನಿಮ್ಮ ವಹಿಯಲ್ಲೇ ಇರುತ್ತದೆ. ಏಳು ವರ್ಷ ಹೀಗೆ ಬರೆದರೆ ಖಾತರಿ ಇಳುವರಿಯನ್ನು ನೀವೇ ಲೆಕ್ಕ ಹಾಕಬಹುದು. ತೊಗರಿ ಕೊಯ್ಲು ಡಿಸೆಂಬರಿನಿಂದ, ಹಿಂಗಾರಿ ಜೋಳದ್ದು ಅದರ ನಂತರ. ಅದಕ್ಕೂ ಮುಂಚೆ ವಹಿ ತೆಗೆದಿಡಿ.